ಬೋರಲು ಹಾಕಿದ ಬೆಳ್ಳಿ ಲೋಟಗಳು: ಡೂಲಿಟಲ್ ದಾಳಿಯಿಂದ ನಿಜಕ್ಕೂ ಆಗಿದ್ದೇನು?

ಗಾಳಿಪಟ

2019ರ ಏಪ್ರಿಲ್‌ನಲ್ಲಿ ರಿಚರ್ಡ್ ಕೋಲ್ ತೀರಿಕೊಂಡರು. 103 ವರ್ಷ ವಯಸ್ಸು. 1942ರ ಏಪ್ರಿಲ್‌ನಲ್ಲಿ ಅಮೆರಿಕದ 16 ಬಿ-25 ಬಾಂಬರ್‌ಗಳು ಜಿಮ್ಮಿ ಡೂಲಿಟಲ್ ನಾಯಕತ್ವದಲ್ಲಿ ವಿಮಾನವಾಹಕ ಹಡಗಿನಿಂದ ಎದ್ದು ಜಪಾನ್ ಮೇಲೆ ಬಾಂಬ್ ಹಾಕಿದವಲ್ಲ, ಆ ಡೂಲಿಟಲ್ ದಾಳಿಗೆ ಹೋದ 80 ಜನರಲ್ಲಿ ಕೊನೆಗೆ ಉಳಿದಿದ್ದವರು ಅವರೊಬ್ಬರೇ. ಮೊದಲ ವಿಮಾನದಲ್ಲಿ ಜಿಮ್ಮಿ ಡೂಲಿಟಲ್ ಪಕ್ಕದಲ್ಲೇ ಕೂತಿದ್ದ ಕೋ-ಪೈಲಟ್.

ಇವರೆಲ್ಲ ವರ್ಷಕ್ಕೊಮ್ಮೆ ಸೇರುತ್ತಿದ್ದರು. 1959ರಲ್ಲಿ ಅರಿಜೋನಾದ ಟೂಸಾನ್ ನಗರದವರು ಇವರಿಗೆ 80 ಬೆಳ್ಳಿ ಲೋಟ ಕೊಟ್ಟರು, ತಲೆಗೊಂದು. ಪ್ರತಿ ಲೋಟದ ಮೇಲೂ ಹೆಸರನ್ನು ಎರಡು ಸಲ ಕೆತ್ತಿದ್ದಾರೆ, ಒಂದು ನೆಟ್ಟಗೆ, ಇನ್ನೊಂದು ತಲೆಕೆಳಗಾಗಿ. ಯಾರಾದರೂ ತೀರಿಹೋದರೆ ಅವರ ಲೋಟ ಬೋರಲು ಹಾಕೋದು. ಹಾಕಿದ ಮೇಲೂ ಹೆಸರು ಓದೋಕೆ ಬರಲಿ ಅಂತ ಆ ಎರಡನೇ ಕೆತ್ತನೆ. ಜೊತೆಗೆ ಒಂದು ಬಾಟಲಿ ಕೊನ್ಯಾಕ್ ಬ್ರಾಂದಿ ಇತ್ತು, ಡೂಲಿಟಲ್ ಹುಟ್ಟಿದ 1896ರದ್ದು. ಕೊನೆಗೆ ಇಬ್ಬರು ಉಳಿದಾಗ ಅದನ್ನು ಒಡೆಯೋದು ಅಂತ ಮಾತಾಗಿತ್ತು. ನಾಲ್ವರು ಉಳಿದಾಗಲೇ, ಇನ್ನು ಕಾಯೋದು ಬೇಡ ಅಂತ ಅವರಿಗೆ ಅನ್ನಿಸಿತು. 2013ರ ನವೆಂಬರ್ 9ರಂದು ಓಹಾಯೋದ ಡೇಟನ್‌ನಲ್ಲಿರುವ ವಾಯುಪಡೆ ಮ್ಯೂಸಿಯಂನಲ್ಲಿ ಸೇರಿದರು. ಕೋಲ್, ಎಡ್ವರ್ಡ್ ಸೇಲರ್, ಡೇವಿಡ್ ಥ್ಯಾಚರ್ ಬಂದಿದ್ದರು. ರಾಬರ್ಟ್ ಹೈಟ್‌ಗೆ ಅಷ್ಟು ದೂರ ಬರುವ ಶಕ್ತಿ ಇರಲಿಲ್ಲ. 80 ಹೆಸರುಗಳನ್ನೂ ಒಂದೊಂದಾಗಿ ಕೂಗಿದರು, ಶಾಲೆಯಲ್ಲಿ ಹಾಜರಿ ಕರೆಯೋ ಹಾಗೆ. ಮೂರು ಹೆಸರಿಗೆ ಮಾತ್ರ ಉತ್ತರ ಬಂತು.

ಈಗ ನಾಲ್ವರೂ ಇಲ್ಲ. ನನ್ನ ಪ್ರಶ್ನೆ ಇಷ್ಟೇ. ಆ 80 ಜನರ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಆ ದಾಳಿ ಮಾಡಲೇಬೇಕಿತ್ತಾ? ಇದನ್ನು ಕೇಳಿದರೆ ಆ ಹಿರಿಯರಿಗೆ ಅವಮಾನ ಮಾಡಿದ ಹಾಗೆ ಜನ ಮುಖ ಸಿಂಡರಿಸುತ್ತಾರೆ. ನನಗಂತೂ ಇವೆರಡೂ ಬೇರೆ ಬೇರೆ ವಿಷಯ ಅನ್ನಿಸುತ್ತೆ.

ಲೆಕ್ಕಿಗ

ನಾನು ನೇರವಾಗಿ ಹೇಳ್ತೀನಿ. ಲೆಕ್ಕ ಹಾಕಿದರೆ ಇದು ನಷ್ಟದ ವ್ಯವಹಾರ.

16 ಬಿ-25 ವಿಮಾನ, ಒಂದೊಂದರಲ್ಲಿ ತಲಾ 500 ಪೌಂಡಿನ 4 ಬಾಂಬ್. ಟೋಕಿಯೊ, ಯೋಕೊಹಾಮಾ, ಯೋಕೊಸುಕಾ, ನಗೋಯಾ, ಕೋಬೆ ಅಂತ ಹಂಚಿಕೊಂಡು ಹಾಕಿದರು. ಒಟ್ಟು 64 ಬಾಂಬ್, ಐದಾರು ಊರು! ಅದರಿಂದ ಯಾವ ಕಾರ್ಖಾನೆ ನಿಲ್ಲುತ್ತೆ? ಸತ್ತವರು ಸುಮಾರು 50, ಅದರಲ್ಲಿ ಸಾಮಾನ್ಯ ಜನರೂ ಇದ್ದರು, ಒಬ್ಬ ಶಾಲಾ ಹುಡುಗನೂ ಇದ್ದ.

ಇನ್ನು ಕಳೆದುಕೊಂಡದ್ದು. 16ಕ್ಕೆ 16 ವಿಮಾನವೂ ಹೋಯಿತು. 15 ಚೀನಾದಲ್ಲಿ ಅಥವಾ ಅದರ ಕರಾವಳಿಯಲ್ಲಿ ಬಿದ್ದವು. ಒಂದು ವ್ಲಾಡಿವೊಸ್ಟಾಕ್ ಹತ್ತಿರ ಸುಮ್ನೆ ಇಳಿಯಿತು, ಅದನ್ನು ಸೋವಿಯತ್‌ನವರು ಇಟ್ಟುಕೊಂಡರು. 3 ಜನ ಅಲ್ಲೇ ಸತ್ತರು, 8 ಜನ ಜಪಾನಿಗಳ ಕೈಗೆ ಸಿಕ್ಕರು. ಆ 8 ಜನರಲ್ಲಿ ಮೂವರನ್ನು ಅಕ್ಟೋಬರ್ 15ರಂದು ಗುಂಡಿಟ್ಟು ಕೊಂದರು, ಒಬ್ಬ ಸೆರೆಯಲ್ಲೇ ಸತ್ತ.

ಇದೆಲ್ಲಕ್ಕಿಂತ ದೊಡ್ಡದು ಯಾರೂ ಮಾತಾಡದ ವಿಷಯ. ಈ ಕೆಲಸಕ್ಕೆ ಹಾರ್ನೆಟ್, ಎಂಟರ್‌ಪ್ರೈಸ್ ಎರಡು ವಿಮಾನವಾಹಕ ಹಡಗು ಬೇಕಾದವು. ಪೆಸಿಫಿಕ್‌ನಲ್ಲಿ ಅಮೆರಿಕದ ಹತ್ತಿರ ಆಗ ಬೆರಳೆಣಿಕೆಯಷ್ಟು ಇದ್ದದ್ದು. ಇವು ವಾಪಸ್ ಬರುವಷ್ಟರಲ್ಲಿ ಮೇ ಮೊದಲ ವಾರ ಆಸ್ಟ್ರೇಲಿಯಾ ಹತ್ತಿರ ಜಪಾನಿಗಳ ಜೊತೆ ಕೋರಲ್ ಸೀ ಕದನ ಶುರುವಾಯ್ತು. ಎರಡೂ ಅಲ್ಲಿಗೆ ಮುಟ್ಟಲೇ ಇಲ್ಲ. ಅಲ್ಲಿದ್ದ ಅಮೆರಿಕದ ಎರಡು ವಿಮಾನವಾಹಕಗಳಲ್ಲಿ ಲೆಕ್ಸಿಂಗ್ಟನ್ ಮುಳುಗಿತು, ಯಾರ್ಕ್‌ಟೌನ್‌ಗೆ ಏಟು ಬಿತ್ತು. ಪೇಪರ್‌ನಲ್ಲಿ ಒಂದು ಹೆಡ್‌ಲೈನ್ ಸಿಗಲಿ ಅಂತ ಇಷ್ಟೆಲ್ಲ ಬೇಕಿತ್ತಾ?

ನಿವೃತ್ತ_ನಾವಿಕ

ಲೆಕ್ಕಿಗರೇ, ನಿಮ್ಮ ಅಂಕಿ ಸರಿ ಇದೆ. ಆದರೆ 1942ರ ಏಪ್ರಿಲ್‌ನಲ್ಲಿ ನಿಂತು ಒಂದು ಸಲ ನೋಡಿ. ಪರ್ಲ್ ಹಾರ್ಬರ್ ಆಗಿತ್ತು, ಸಿಂಗಾಪುರ ಬಿದ್ದಿತ್ತು, ಅದೇ ತಿಂಗಳು ಫಿಲಿಪೀನ್ಸ್‌ನ ಬಟಾನ್‌ನಲ್ಲಿ ಸಾವಿರಗಟ್ಟಲೆ ಅಮೆರಿಕನ್, ಫಿಲಿಪಿನೋ ಸೈನಿಕರು ಶರಣಾಗಿದ್ದರು. ಎಲ್ಲಿ ನೋಡಿದರೂ ಸೋಲು. ಜಪಾನಿನ ನೆಲಕ್ಕೆ ಕೈ ಹಾಕೋಕೆ ಆಗೋದೇ ಇಲ್ಲ ಅಂತ ಎರಡೂ ಕಡೆಯವರು ನಂಬಿದ್ದ ಕಾಲ ಅದು.

ನಾನು ಹಡಗಿನಲ್ಲಿ ಕೆಲಸ ಮಾಡಿದವನು, ಆ ಬೆಳಗಿನ ಡೆಕ್ ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತೆ. ಬಿ-25 ನೆಲದ ಮೇಲಿನ ರನ್‌ವೇಗೆ ಮಾಡಿದ ವಿಮಾನ. ಡೂಲಿಟಲ್ ಮುಂದೆ ಇದ್ದ ಜಾಗ 467 ಅಡಿ. ಹದಿನಾರು ಪೈಲಟ್‌ಗಳಲ್ಲಿ ಒಬ್ಬರೂ, ಡೂಲಿಟಲ್ ಸೇರಿ, ಅದಕ್ಕೆ ಮುಂಚೆ ವಿಮಾನವಾಹಕ ಹಡಗಿನಿಂದ ಎದ್ದವರಲ್ಲ. ಫ್ಲಾರಿಡಾದ ಎಗ್ಲಿನ್‌ನಲ್ಲಿ ನೆಲದ ಮೇಲೆ ಗೆರೆ ಎಳೆದು ಅಭ್ಯಾಸ ಮಾಡಿದ್ದು ಅಷ್ಟೇ. ಆ ದಿನ ಸಮುದ್ರ ರೊಚ್ಚಿಗೆದ್ದಿತ್ತು. ಹಡಗಿನ ಮೂತಿ ಒಮ್ಮೆ ಆಕಾಶ ನೋಡೋದು, ಒಮ್ಮೆ ನೀರಿಗೆ ಮುಖ ಹಾಕೋದು. ಮೂತಿ ಮೇಲೇಳುವ ಹೊತ್ತಿಗೆ ಸರಿಯಾಗಿ ವಿಮಾನ ಡೆಕ್ ತುದಿಗೆ ಬರೋ ಹಾಗೆ ಅಧಿಕಾರಿ ಬಾವುಟ ಬೀಸಬೇಕು. ಕೆಳಗೆ ವಾಲಿದಾಗ ಬಿಟ್ಟರೆ ನೇರ ನೀರಿಗೆ. 8:20ಕ್ಕೆ ಮೊದಲನೆಯದು ಎದ್ದಿತು, 9:19ಕ್ಕೆ ಹದಿನಾರನೆಯದು. ಒಂದೂ ಬೀಳಲಿಲ್ಲ. ಆದರೆ ಕೊನೆಯ ವಿಮಾನವನ್ನು ಹಿಡಿದು ಸರಿಪಡಿಸುವಾಗ ನಾವಿಕನೊಬ್ಬ ಜಾರಿ, ಪ್ರೊಪೆಲ್ಲರ್‌ಗೆ ಕೈ ಸಿಕ್ಕಿ, ಒಂದು ತೋಳನ್ನೇ ಕಳೆದುಕೊಂಡ. ಅವನಿಗೆ ಬೆಳ್ಳಿ ಲೋಟ ಇಲ್ಲ ನೋಡಿ. ನಮ್ಮ ಕಡೆಯವರದು ಯಾವಾಗಲೂ ಹೀಗೇ, ವಿಮಾನದವರ ಫೋಟೋ, ಹಡಗಿನವರ ಬೆವರು!

ಇನ್ನೂ ಒಂದು. ಜಪಾನಿನಿಂದ 400 ಮೈಲಿ ದೂರಕ್ಕೆ ಹೋಗಿ ಎದ್ದು, ರಾತ್ರಿ ಬಾಂಬ್ ಹಾಕೋದು ಅಂತ ಯೋಜನೆ ಇತ್ತು. ಬೆಳಗ್ಗೆಯೇ ಒಂದು ಜಪಾನಿ ಕಾವಲು ದೋಣಿ ಕಣ್ಣಿಗೆ ಬಿತ್ತು. ಅದನ್ನು ಮುಳುಗಿಸಿದರೂ ಅಷ್ಟರಲ್ಲಿ ಅದು ರೇಡಿಯೋದಲ್ಲಿ ಸುದ್ದಿ ಕಳಿಸಿಬಿಟ್ಟಿತ್ತು. ಹಾಗಾಗಿ 650 ಮೈಲಿ ದೂರದಿಂದಲೇ, ಅಂದುಕೊಂಡದ್ದಕ್ಕಿಂತ ಹತ್ತು ಗಂಟೆ ಮುಂಚೆಯೇ, ಹೊರಡಬೇಕಾಯ್ತು. ಚೀನಾ ತನಕ ಪೆಟ್ರೋಲ್ ಸಾಲೋದು ಕಷ್ಟ ಅಂತ ಆಗಲೇ ಎಲ್ಲರಿಗೂ ಗೊತ್ತು. ಒಬ್ಬರೂ ಹಿಂದೆ ಸರಿಯಲಿಲ್ಲ.

ಫಲಿತಾಂಶ ಕೇಳ್ತೀರಾ? ಜೂನ್‌ನಲ್ಲಿ ಪೆಸಿಫಿಕ್ ನಡುವಿನ ಮಿಡ್‌ವೇ ದ್ವೀಪದ ಕದನ. ಚಕ್ರವರ್ತಿ ಇರುವ ಊರಿಗೇ ಬಾಂಬ್ ಬಿದ್ದ ಅವಮಾನಕ್ಕೆ ಜಪಾನಿ ನೌಕಾಪಡೆಯ ದಂಡನಾಯಕ ಯಮಾಮೊಟೊ ಮಿಡ್‌ವೇ ಕಡೆ ನುಗ್ಗಿದ. ಅವರ ವಿಮಾನವಾಹಕಗಳಾದ ಅಕಾಗಿ, ಕಾಗಾ, ಸೋರ್ಯು, ಹಿರ್ಯು ನಾಲ್ಕೂ ಮುಳುಗಿದವು. ಇದನ್ನು ಯಾವ ಕಾಲಂನಲ್ಲಿ ಬರೀತೀರಿ?

ಸುಮ್ನೆ_ಓದುಗ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಈ ದಾಳಿಯಲ್ಲಿ ನನಗೆ ತುಂಬಾ ಇಷ್ಟ ಆಗೋದು ಅವರ ಜುಗಾಡು. ಭಾರ ಇಳಿಸೋಕೆ ಎಷ್ಟೋ ಸಾಮಾನು ಕಿತ್ತು ಹಾಕಿದ್ದರು. ಬಾಲದಲ್ಲಿ ಬಂದೂಕೇ ಇರಲಿಲ್ಲ. ಹಿಂದಿನಿಂದ ಬರುವ ಶತ್ರು ಹೆದರಲಿ ಅಂತ ಪೊರಕೆ ಹಿಡಿಗಳಿಗೆ ಕಪ್ಪು ಬಣ್ಣ ಬಳಿದು ಸಿಕ್ಕಿಸಿದ್ದರು! ನಾರ್ಡನ್ ಅಂತ ಬಹಳ ಗುಟ್ಟಿನ, ದುಬಾರಿ ಗುರಿ ಹಿಡಿಯುವ ಯಂತ್ರ ಇತ್ತಲ್ಲ, ಅದು ಶತ್ರುವಿನ ಕೈಗೆ ಸಿಕ್ಕೀತು ಅಂತ ತೆಗೆದು, ಅವರಲ್ಲೇ ಒಬ್ಬ ಪೈಲಟ್ ಮಾಡಿದ 20 ಸೆಂಟಿನ ತಗಡಿನ ಸಾಧನ ಹಾಕಿಕೊಂಡರು. ಅಷ್ಟು ಕೆಳಗೆ ಹಾರುವಾಗ ಅದೇ ಚೆನ್ನಾಗಿ ಕೆಲಸ ಮಾಡಿತಂತೆ.

ವಿಮಾನಗಳು ಎಲ್ಲಿಂದ ಬಂದವು ಅಂತ ಪತ್ರಕರ್ತರು ಕೇಳಿದರೆ ರೂಸ್‌ವೆಲ್ಟ್ 'ಶಾಂಗ್ರಿ-ಲಾ'ದಿಂದ ಅಂದರು. ಅದು ಕಾದಂಬರಿಯೊಂದರ ಕಾಲ್ಪನಿಕ ಜಾಗ. ಮುಂದೆ ನಿಜವಾಗಿಯೂ ಆ ಹೆಸರಿನ ಒಂದು ವಿಮಾನವಾಹಕ ಹಡಗು ಬಂತು. ಅಷ್ಟೇ, ಮುಂದುವರಿಸಿ.

ತಡರಾತ್ರಿ

ನಾವಿಕ ಸರ್, ಮಿಡ್‌ವೇ ವಿಷಯದಲ್ಲಿ ಸ್ವಲ್ಪ ತಡೀರಿ. ದಾಳಿ ಆದದ್ದಕ್ಕೇ ಮಿಡ್‌ವೇ ಆಯ್ತು ಅನ್ನೋದು ಅರ್ಧ ಮಾತ್ರ ನಿಜ. ಯಮಾಮೊಟೊ ಆ ಯೋಜನೆಯನ್ನು ದಾಳಿಗೆ ಮುಂಚೆಯೇ ಹಟ ಹಿಡಿದು ನೌಕಾಪಡೆಯ ಕೇಂದ್ರ ಕಚೇರಿಯಿಂದ ಒಪ್ಪಿಸಿಕೊಂಡಿದ್ದ. ಏಪ್ರಿಲ್ ಮೊದಲ ವಾರದಲ್ಲೇ ಅದು ಆಗಿತ್ತು. ಗೊಣಗುತ್ತಿದ್ದವರ ಬಾಯಿ ದಾಳಿಯ ನಂತರ ಬಂದ್ ಆಯ್ತು, ಮೂಗು ಮುರಿಯುತ್ತಿದ್ದ ಭೂಸೇನೆಯೂ ಜೊತೆಗೆ ಬಂತು. ಅಷ್ಟು ಕೊಡಬಹುದು. ಅದಕ್ಕಿಂತ ಜಾಸ್ತಿ ಕೊಟ್ಟರೆ ಕಥೆ ಆಗುತ್ತೆ.

ಒಂದು ಮಾತು ಇನ್ನೂ ಮುಖ್ಯ. ವಾಷಿಂಗ್ಟನ್‌ನಲ್ಲಿ ಕೂತು ಈ ದಾಳಿ ಯೋಜಿಸಿದವರು 'ಹೀಗೆ ಮಾಡಿದರೆ ಅವರು ಮಿಡ್‌ವೇಗೆ ಬಂದು ಸಿಕ್ಕಿಹಾಕಿಕೊಳ್ತಾರೆ' ಅಂತ ಯೋಚಿಸಿರಲೇ ಇಲ್ಲ. ಅವರಿಗೆ ಬೇಕಿದ್ದದ್ದು ಜನಕ್ಕೆ ಒಂದು ಒಳ್ಳೆ ಸುದ್ದಿ. ಆಮೇಲೆ ಅದೃಷ್ಟ ಖುಲಾಯಿಸಿತು. ಲಾಟರಿ ಹೊಡೆದವನನ್ನು ಜಾಣ ಹೂಡಿಕೆದಾರ ಅನ್ನೋಕೆ ಆಗುತ್ತಾ?

ನಿವೃತ್ತ_ನಾವಿಕ

ಯುದ್ಧದಲ್ಲಿ ಅದೃಷ್ಟವೂ ಸುಮ್ನೆ ಬರಲ್ಲ ಸರ್. ಎದುರಾಳಿಯನ್ನು ಒಂದು ಸಲ ಅಲ್ಲಾಡಿಸಿದರೆ ಅವನು ತಪ್ಪು ಹೆಜ್ಜೆ ಇಡ್ತಾನೆ. ಯಾವ ಹೆಜ್ಜೆ ಅಂತ ಮೊದಲೇ ಗೊತ್ತಿರಬೇಕಿಲ್ಲ. ಇಷ್ಟಾದರೂ ಒಪ್ಪಿ: ಫೈಟರ್ ವಿಮಾನಗಳಲ್ಲಿ ಕೆಲವನ್ನು ಮನೆ ಕಾಯೋಕೆ ಅಂತ ಅವರು ಜಪಾನಿನಲ್ಲೇ ಇಟ್ಟುಕೊಳ್ಳಬೇಕಾಯ್ತು.

ಮಸಿಕುಡಿಕೆ

ಇಷ್ಟು ಹೊತ್ತು ಓದಿದೆ. ಲೋಟ ಬಂತು, ಪೊರಕೆ ಬಂತು, ಮಿಡ್‌ವೇ ಬಂತು. ಚೀನಾ ಬರಲೇ ಇಲ್ಲ. ಲೆಕ್ಕಿಗರು 50 ಜಪಾನಿಗಳ ತನಕ ಎಣಿಸಿ ನಿಲ್ಲಿಸಿದರು.

ಈ ವಿಮಾನಗಳು ಹಡಗಿನಿಂದ ಏಳಬಹುದಿತ್ತು, ವಾಪಸ್ ಅದರ ಮೇಲೆ ಇಳಿಯೋಕೆ ಆಗುತ್ತಿರಲಿಲ್ಲ. ಹಾಗಾಗಿ ಬಾಂಬ್ ಹಾಕಿ ಮುಂದೆ ಚೀನಾದ ಝೆಜಿಯಾಂಗ್ ಪ್ರಾಂತ್ಯಕ್ಕೆ ಹೋಗಿ ಇಳಿಯೋದು ಅಂತ ಯೋಜನೆ. ಹೊತ್ತಿಗೆ ಮುಂಚೆ ಹೊರಟದ್ದರಿಂದ ರಾತ್ರಿ ಕತ್ತಲಲ್ಲಿ, ಮಳೆಯಲ್ಲಿ ಅಲ್ಲಿಗೆ ಮುಟ್ಟಿದರು. ಹಡಗಿನವರು ರೇಡಿಯೋ ಮುಚ್ಚಿಕೊಂಡಿದ್ದರು, ಹಾಗಾಗಿ ಚೀನಾದ ಕಡೆಗೆ ಸುದ್ದಿ ಹೋಗಿರಲಿಲ್ಲ. ದಾರಿ ತೋರಿಸುವ ರೇಡಿಯೋ ಸಂಕೇತ ಇಲ್ಲ. ಪೆಟ್ರೋಲ್ ಮುಗಿಯಿತು. ಕೆಲವರು ಸಮುದ್ರದ ಅಂಚಿನಲ್ಲಿ ಇಳಿಸಿದರು, ಉಳಿದವರು ಕತ್ತಲಿಗೆ ಪ್ಯಾರಾಚೂಟ್ ಹಾಕಿ ಹಾರಿದರು. ಡೂಲಿಟಲ್ ಗೊಬ್ಬರ ಹಾಕಿದ ಗದ್ದೆಯೊಂದರಲ್ಲಿ ಹೋಗಿ ಬಿದ್ದರು. ಮಾರನೇ ದಿನ ಪುಡಿಯಾದ ವಿಮಾನದ ರೆಕ್ಕೆ ಹತ್ತಿರ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ವಿಮಾನ ಎಲ್ಲ ಹೋಯ್ತು, ನನ್ನನ್ನು ಕೋರ್ಟ್ ಮಾರ್ಷಲ್ ಮಾಡ್ತಾರೆ ಅಂತ ಅವರ ಎಣಿಕೆ. ಅವರ ಮೆಕ್ಯಾನಿಕ್ ಪಾಲ್ ಲೆನರ್ಡ್, ಇಲ್ಲ ಸರ್, ನಿಮಗೆ ದೇಶದ ಅತಿ ದೊಡ್ಡ ಶೌರ್ಯ ಪದಕ ಮೆಡಲ್ ಆಫ್ ಆನರ್ ಕೊಡ್ತಾರೆ ನೋಡ್ತಿರಿ ಅಂತ ಸಮಾಧಾನ ಮಾಡಿದ. ಅದೇ ಆಯ್ತು. ಆ ಲೆನರ್ಡ್ ಮುಂದಿನ ವರ್ಷ ಉತ್ತರ ಆಫ್ರಿಕಾದಲ್ಲಿ ಸತ್ತ.

ಅವರನ್ನೆಲ್ಲ ಉಳಿಸಿದ್ದು ಯಾರು? ರೈತರು, ಬೆಸ್ತರು, ಮಿಷನರಿಗಳು, ಸ್ಥಳೀಯ ಗೆರಿಲ್ಲಾಗಳು. ಗಾಯಗೊಂಡವರನ್ನು ಹೊತ್ತುಕೊಂಡು ಜಪಾನಿಗಳ ಕಣ್ಣು ತಪ್ಪಿಸಿ ಊರಿಂದ ಊರಿಗೆ ದಾಟಿಸಿದರು. ಟೆಡ್ ಲಾಸನ್ ಅನ್ನುವ ಪೈಲಟ್‌ಗೆ ಕಾಲು ಕೊಳೆಯುತ್ತಿತ್ತು. ಅವರನ್ನು ಅಷ್ಟು ದೂರ ಹೊತ್ತು ತಂದದ್ದೂ ಇವರೇ. ಕಾಲು ಕತ್ತರಿಸಿ ಜೀವ ಉಳಿಸಿದ್ದು ಇನ್ನೊಂದು ವಿಮಾನದಲ್ಲಿ ಬಂದ ಡಾಕ್ಟರ್ ಥಾಮಸ್ ವೈಟ್. ಆ ಡಾಕ್ಟರ್‌ಗೆ ಈ ದಾಳಿಯಲ್ಲಿ ಸೀಟು ಸಿಗಬೇಕಾದರೆ ಬಂದೂಕು ಕಲಿಯಬೇಕಿತ್ತು, ಕಲಿತು ಗನ್ನರ್ ಆಗಿ ಬಂದಿದ್ದರು.

ಆಮೇಲೆ ಜಪಾನಿ ಸೈನ್ಯ ಬಂತು. ಮೇ ತಿಂಗಳಿಂದ ಸೆಪ್ಟೆಂಬರ್ ತನಕ, ಝೆಜಿಯಾಂಗ್ ಮತ್ತು ಜಿಯಾಂಗ್‌ಶಿ. ಮತ್ತೆ ವಿಮಾನ ಇಳಿಯಬಾರದು ಅಂತ ನಿಲ್ದಾಣಗಳನ್ನು ಅಗೆದು ಹಾಕಿದರು, ಅದಕ್ಕೆ ಊರಿನವರನ್ನೇ ದುಡಿಸಿದರು. ಊರುಗಳನ್ನು ಸುಟ್ಟರು. ಅಮೆರಿಕನ್ನರು ಕೃತಜ್ಞತೆಗೆ ಅಂತ ಕೊಟ್ಟುಹೋದ ಕೈಗವಸು, ನಾಣ್ಯ, ಪ್ಯಾರಾಚೂಟ್ ಬಟ್ಟೆ ಮನೆಯಲ್ಲಿ ಸಿಕ್ಕರೆ ಮುಗೀತು, ಅದೇ ಸಾಕ್ಷಿ. ವಾಪಸ್ ಹೋಗುವಾಗ ಪ್ಲೇಗ್, ಕಾಲರಾ, ಟೈಫಾಯ್ಡ್ ರೋಗಾಣು ಬಿಟ್ಟು ಹೋದರು, ಅದು ಅವರದೇ ಸೈನಿಕರಿಗೂ ತಗುಲಿತು. ಸತ್ತ ಚೀನೀ ಜನ ಸಾಮಾನ್ಯವಾಗಿ ಹೇಳುವ ಅಂದಾಜಿನಲ್ಲಿ ಎರಡೂವರೆ ಲಕ್ಷ.

ಎಷ್ಟು ಲೋಟ ಬೇಕು ಹೇಳಿ.

ಸುಮ್ನೆ_ಓದುಗ

ಕೈಗವಸು, ನಾಣ್ಯದ ವಿಷಯ ಓದಿ ಮುಂದೇನು ಬರೆಯಬೇಕೋ ತೋಚಲಿಲ್ಲ.

ನಿವೃತ್ತ_ನಾವಿಕ

ಮೇಡಂ, ನೀವು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೆ ಕೊಂದವರು ಯಾರು? ಜಪಾನಿ ಸೈನ್ಯ. ಅವರು ಚೀನಾದ ನಾನ್‌ಜಿಂಗ್‌ನಲ್ಲಿ 1937ರಲ್ಲೇ ಎಂಥ ಹತ್ಯಾಕಾಂಡ ಮಾಡಿದ್ದರು ಅಂತ ಎಲ್ಲರಿಗೂ ಗೊತ್ತು, ಆಗ ಯಾವ ಡೂಲಿಟಲ್ ಬಂದಿದ್ದ? ಕೊಲೆಗಾರನ ಪಾಪವನ್ನು ಈ 80 ಹುಡುಗರ ತಲೆಗೆ ಕಟ್ಟಬೇಡಿ. ಹಾಗೆ ನೋಡಿದರೆ ಯಾರೂ ಎಲ್ಲೂ ಎದುರು ನಿಲ್ಲೋ ಹಾಗೇ ಇಲ್ಲ. 'ನಾವು ಹೊಡೆದರೆ ಅವರು ಅಮಾಯಕರನ್ನು ಕೊಲ್ತಾರೆ' ಅಂತ ಕೈ ಕಟ್ಟಿ ಕೂರೋದಾ?

ಮಸಿಕುಡಿಕೆ

80 ಹುಡುಗರ ತಲೆಗೆ ನಾನೆಲ್ಲಿ ಕಟ್ಟಿದೆ ಸರ್? ಅವರಿಗೆ ಎಲ್ಲಿಗೆ ಹೋಗ್ತಿದ್ದೀವಿ ಅನ್ನೋದೇ ಹಡಗು ಹೊರಟ ಮೇಲೆ ತಿಳಿದದ್ದು. ನಾನು ಕೇಳ್ತಿರೋದು ಮೇಜಿನ ಹಿಂದೆ ಕೂತವರನ್ನ.

ನೀವೇ ನಾನ್‌ಜಿಂಗ್ ಹೆಸರು ಎತ್ತಿದಿರಿ. ಸರಿ. ಆ ಸೈನ್ಯ ಎಂಥದ್ದು ಅಂತ 1937ರಿಂದಲೇ ಎಲ್ಲರಿಗೂ ಗೊತ್ತಿದ್ದರೆ, ವಾಷಿಂಗ್ಟನ್‌ಗೂ ಗೊತ್ತಿತ್ತು ಅಂತಾಯ್ತಲ್ಲ. ಚೀನಾದ ನಾಯಕ ಚಿಯಾಂಗ್ ಕೈ-ಶೆಕ್‌ಗೆ ಇದು ಬೇಡವಾಗಿತ್ತು. ಜಪಾನಿಗಳು ಸೇಡು ತೀರಿಸಿಕೊಳ್ತಾರೆ, ಸ್ವಲ್ಪ ತಡೀರಿ ಅಂದರು. ಅವರಿಗೆ ಪೂರ್ತಿ ವಿಷಯ ಹೇಳಲೂ ಇಲ್ಲ, ಗುಟ್ಟು ಬಿಟ್ಟುಕೊಡ್ತಾರೆ ಅನ್ನೋ ಅನುಮಾನ. ಅಂದರೆ ಯಾರ ಅಂಗಳದಲ್ಲಿ ವಿಮಾನ ಇಳಿಸ್ತೀವೋ ಅವರನ್ನೇ ಸರಿಯಾಗಿ ಕೇಳದೆ ಹೊರಟರು. ಸಾಹಸ ಮಾಡಿದವರು ತಮ್ಮ ಜೀವ ಪಣಕ್ಕಿಟ್ಟರು, ಒಪ್ಪಿದೆ, ಅವರೆಲ್ಲ ತಾವಾಗೇ ಮುಂದೆ ಬಂದವರು. ಝೆಜಿಯಾಂಗ್‌ನ ರೈತನನ್ನು ಯಾರೂ ಕೇಳಲಿಲ್ಲ.

ತಡರಾತ್ರಿ

ಈ 'ಯಾರನ್ನೂ ಕೇಳಲಿಲ್ಲ' ಅನ್ನೋದು ಬರೀ ಈ ದಾಳಿಯದ್ದಲ್ಲ. ಜರ್ಮನಿಯ ಅಣೆಕಟ್ಟು ಒಡೆಯೋಕೆ ಹೋದ ಬ್ರಿಟಿಷರ ಡ್ಯಾಮ್‌ಬಸ್ಟರ್ಸ್ ನೋಡಿ. 1943ರ ಮೇ 16ರ ರಾತ್ರಿ 19 ಲ್ಯಾಂಕಾಸ್ಟರ್ ವಿಮಾನ, 133 ಜನ. ನೀರಿನ ಮೇಲೆ ಕಪ್ಪೆ ಹಾರಿದ ಹಾಗೆ ಪುಟಿಯುತ್ತಾ ಹೋಗಿ ಅಣೆಕಟ್ಟಿಗೆ ತಾಗುವ ಬಾಂಬ್. ಅದಕ್ಕೆ ರಾತ್ರಿ ಹೊತ್ತು 60 ಅಡಿ ಎತ್ತರದಲ್ಲೇ ಹಾರಬೇಕು. ಅಷ್ಟೇ ಎತ್ತರ ಅಂತ ಗೊತ್ತಾಗೋಕೆ ಕೆಳಗೆ ಎರಡು ದೀಪ ಕಟ್ಟಿದ್ದರು, ಎರಡೂ ಬೆಳಕಿನ ವೃತ್ತ ನೀರಿನ ಮೇಲೆ ಕೂಡಿದರೆ ಸರಿಯಾದ ಎತ್ತರ. ಮೋಹ್ನೆ, ಎಡರ್ ಅಣೆಕಟ್ಟು ಎರಡೂ ಒಡೆದವು. 8 ವಿಮಾನ ಬರಲಿಲ್ಲ, 53 ಜನ ಸತ್ತರು. ಬಾಂಬ್ ಕಂಡುಹಿಡಿದ ಬಾರ್ನೆಸ್ ವಾಲಿಸ್‌ಗೆ ಗೆಲುವಿನ ಸಂತೋಷ ಆಗಲೇ ಇಲ್ಲ, ಆ 53 ಜನರ ಕೊರಗು ಜೀವನಪೂರ್ತಿ ಇತ್ತು. ಸಿಕ್ಕ 10,000 ಪೌಂಡ್ ಬಹುಮಾನವನ್ನು ವಾಯುಪಡೆಯವರ ಮಕ್ಕಳ ಓದಿಗೆ ಅಂತ ಕೊಟ್ಟುಬಿಟ್ಟರು.

ಕೆಳಗೆ ನೀರಿಗೆ ಸಿಕ್ಕಿ ಸತ್ತವರು 1,300ಕ್ಕೂ ಹೆಚ್ಚು. ಅವರಲ್ಲಿ ತುಂಬಾ ಜನ ಜರ್ಮನ್ನರೇ ಅಲ್ಲ! ನೇಹೈಮ್‌ನಲ್ಲಿ ಸೋವಿಯತ್‌ನಿಂದ ಎಳೆದು ತಂದ ಹೆಂಗಸರನ್ನು ಬಲವಂತದ ದುಡಿಮೆಗೆ ಇಟ್ಟಿದ್ದ ಶಿಬಿರ ಇತ್ತು, ಅಲ್ಲಿ ನೂರಾರು ಹೆಂಗಸರು ಕೊಚ್ಚಿಹೋದರು. ಅವರ ಪಾಲಿಗೆ ಬಿಡುಗಡೆ ಮಾಡಬೇಕಾದವರೇ ನೀರು ಬಿಟ್ಟ ಹಾಗಾಯ್ತು. ಮೋಹ್ನೆ ಅಣೆಕಟ್ಟು ಅದೇ ವರ್ಷ ಸೆಪ್ಟೆಂಬರ್‌ಗೆ ರಿಪೇರಿ ಆಯ್ತು. ರಿಪೇರಿ ನಡೆಯುವಾಗ ಬ್ರಿಟಿಷರು ಮತ್ತೆ ಬಾಂಬ್ ಹಾಕಲಿಲ್ಲ. ನನಗೆ ಇದೊಂದು ಅರ್ಥವೇ ಆಗಲ್ಲ. 53 ಜನರ ಜೀವ ಕೊಟ್ಟು ಒಡೆದದ್ದನ್ನು ಅವರು ಆರಾಮಾಗಿ ಕಟ್ಟಿಕೊಳ್ಳೋಕೆ ಯಾಕೆ ಬಿಟ್ಟರು?

ಲೆಕ್ಕಿಗ

ಇದೇ ನನ್ನ ವಾದ. ಸಾಹಸ ಅನ್ನೋದು ಒಂದು ಅಮಲು. ಮಾಡುವ ತನಕ ಉತ್ಸಾಹ, ಆದ ಮೇಲೆ ಮೆಡಲ್, ಮುಂದಿನ ಬೇಜಾರಿನ ಕೆಲಸ ಯಾರಿಗೂ ಬೇಡ.

ಹಾಗಂತ ಎಲ್ಲ ಸಾಹಸವೂ ವ್ಯರ್ಥ ಅನ್ನಲ್ಲ. ಜರ್ಮನ್ನರು ಹಿಡಿದಿದ್ದ ಫ್ರಾನ್ಸಿನ ಸೇಂಟ್ ನಜೇರ್ ಬಂದರಿನ ಮೇಲೆ ಬ್ರಿಟಿಷರ ದಾಳಿ ತಗೊಳ್ಳಿ, 1942ರ ಮಾರ್ಚ್ 28. ಜರ್ಮನಿಯ ತಿರ್ಪಿಟ್ಜ್‌ನಂಥ ದೊಡ್ಡ ಯುದ್ಧನೌಕೆ ರಿಪೇರಿಗೆ ಹೋಗಬಹುದಾಗಿದ್ದ ಡ್ರೈಡಾಕ್ (ನೀರು ಖಾಲಿ ಮಾಡಿ ಹಡಗು ರಿಪೇರಿ ಮಾಡುವ ಕಟ್ಟೆ) ಅವರ ಕೈಲಿದ್ದ ಅಟ್ಲಾಂಟಿಕ್ ದಂಡೆಯಲ್ಲಿ ಅದೊಂದೇ. ಕ್ಯಾಂಪ್‌ಬೆಲ್‌ಟೌನ್ ಅನ್ನುವ ಹಳೇ ಹಡಗಿಗೆ ಸ್ಫೋಟಕ ತುಂಬಿ ತಂದು ಅದರ ಬಾಗಿಲಿಗೇ ಗುದ್ದಿದರು. ಅದು ಸಿಡಿದದ್ದು ಎಷ್ಟೋ ಗಂಟೆ ಬಿಟ್ಟು. ಡಾಕ್ ಯುದ್ಧ ಮುಗಿಯುವ ತನಕ ಕೆಲಸಕ್ಕೆ ಬರಲಿಲ್ಲ, ತಿರ್ಪಿಟ್ಜ್ ಅಟ್ಲಾಂಟಿಕ್ ಕಡೆ ತಲೆ ಹಾಕಲಿಲ್ಲ. 600 ಚಿಲ್ಲರೆ ಜನರಲ್ಲಿ 169 ಜನ ಸತ್ತರು, ದೊಡ್ಡ ಬೆಲೆಯೇ. ಆದರೆ ಏನಕ್ಕೆ ಹೋಗ್ತಿದ್ದೀವಿ ಅಂತ ಒಂದು ಸಾಲಿನಲ್ಲಿ ಹೇಳಬಹುದಿತ್ತು, ಅದು ಆಯಿತೋ ಇಲ್ಲವೋ ಅಂತಲೂ ನೋಡಬಹುದಿತ್ತು. 'ಜನರ ಮನೋಬಲ' ಅಂದರೆ ಅಳತೆಗೆ ಸಿಗದ ವಸ್ತು. ಯಾವ ವಿಫಲ ಯೋಜನೆಗೂ ಆ ಹೆಸರು ಕೊಡಬಹುದು. ಅದೇ ವರ್ಷ ಆಗಸ್ಟ್‌ನಲ್ಲಿ ಫ್ರಾನ್ಸಿನ ದಿಯೆಪ್ ಬಂದರಿನ ಮೇಲೆ ಮಾಡಿ ಸೋತ ದಾಳಿಯ ಬಗ್ಗೆಯೂ ಪಾಠ ಕಲಿತೆವು ಪಾಠ ಕಲಿತೆವು ಅಂದರು, 907 ಕೆನಡಾದ ಸೈನಿಕರು ಸತ್ತ ಮೇಲೆ.

ನಿವೃತ್ತ_ನಾವಿಕ

ಹಾಗಾದರೆ ನಮ್ಮದೇ ಆಪರೇಷನ್ ಟ್ರೈಡೆಂಟ್ ನಿಮ್ಮ ಪರೀಕ್ಷೆಯಲ್ಲಿ ಪಾಸಾಗುತ್ತೆ. 1971ರ ಡಿಸೆಂಬರ್ 4ರ ರಾತ್ರಿ. ನಿಪಾತ್, ನಿರ್ಘಾತ್, ವೀರ್ ಅನ್ನುವ ಪುಟ್ಟ ಕ್ಷಿಪಣಿ ದೋಣಿಗಳು. ಬಂದರು ಕಾಯೋಕೆ ಅಂತ ಮಾಡಿದವು, ದೂರ ಹೋಗೋಕಲ್ಲ. ಅವುಗಳನ್ನೇ ಕರಾಚಿ ಹತ್ತಿರಕ್ಕೆ ತಗೊಂಡು ಹೋಗಿ ಹೊಡೆದದ್ದು. ಪಾಕಿಸ್ತಾನದ ಹಡಗುಗಳಾದ ಖೈಬರ್, ಮುಹಾಫಿಜ್ ಮುಳುಗಿದವು, ಕೇಮಾರಿಯ ತೈಲ ಟ್ಯಾಂಕುಗಳಿಗೆ ಬೆಂಕಿ ಬಿತ್ತು, ನಮ್ಮ ಕಡೆ ಒಂದು ಜೀವವೂ ಹೋಗಲಿಲ್ಲ. ಅದಕ್ಕೇ ಡಿಸೆಂಬರ್ 4 ನೌಕಾಪಡೆ ದಿನ.

ಆದರೆ ಅಲ್ಲೂ ನೋಡಿ, ಐದು ದಿನ ಕಳೆದು ಡಿಸೆಂಬರ್ 9ರಂದು ನಮ್ಮ ಹಡಗು ಖುಕ್ರಿ ಮುಳುಗಿತು. ಕ್ಯಾಪ್ಟನ್ ಮುಲ್ಲಾ ಹಡಗಿನ ಜೊತೆಗೇ ಹೋದರು. ಖುಕ್ರಿಯವರದ್ದು ದಾಳಿಯಲ್ಲ, ಸಬ್‌ಮರೀನ್ ಹುಡುಕುವ ಕೆಲಸ. ನಿಧಾನದ, ಅಪಾಯದ, ಯಾರೂ ಚಪ್ಪಾಳೆ ಹೊಡೆಯದ ಕೆಲಸ. 4ನೇ ತಾರೀಕು ಎಷ್ಟು ಜನರಿಗೆ ಗೊತ್ತು, 9ನೇ ತಾರೀಕು ಎಷ್ಟು ಜನರಿಗೆ ಗೊತ್ತು? ಇದನ್ನು ಹೇಳುವಾಗ ನನ್ನ ವಾದ ನನಗೇ ಸ್ವಲ್ಪ ತಿರುಗಿ ಬೀಳುತ್ತೆ, ಪರವಾಗಿಲ್ಲ.

ಗಾಳಿಪಟ

ಚರ್ಚೆ ಎಲ್ಲಿಗೆ ಬಂತು ನೋಡಿ. ನನಗೆ ಇನ್ನೊಂದು ಎಳೆ ಹಿಡಿಯಬೇಕಿತ್ತು: ಹೋಗಿ ಬಂದವರು ಮುದುಕರಾದ ಮೇಲೆ ಏನು ಹೇಳಿದರು?

ಡ್ಯಾಮ್‌ಬಸ್ಟರ್ಸ್‌ನ ಕೊನೆಯವರು ಜಾನಿ ಜಾನ್ಸನ್, 2022ರ ಡಿಸೆಂಬರ್‌ನಲ್ಲಿ 101ನೇ ವಯಸ್ಸಿಗೆ ಹೋದರು. ಅವರು ಹೋದದ್ದು ಒಡೆಯದೇ ಉಳಿದ ಸೋರ್ಪೆ ಅಣೆಕಟ್ಟಿಗೆ. ಬಾಂಬ್ ಬಿಡುವವರು ಇವರೇ. ಒಂದು ಸಲ ಬಂದರು, ಸರಿ ಕಾಣಲಿಲ್ಲ, ಬಿಡಲಿಲ್ಲ. ಇನ್ನೊಂದು ಸಲ, ಮತ್ತೆ ಇಲ್ಲ. ಹೀಗೆ ಒಂಬತ್ತು ಸಲ. ಹಿಂದೆ ಕೂತವರು, ಆ ದರಿದ್ರವನ್ನು ಯಾರಾದರೂ ಕೆಳಗೆ ಹಾಕ್ರೋ ಅಂತ ಬೈಯೋಕೆ ಶುರು ಮಾಡಿದ್ದರು. ಹತ್ತನೇ ಸಲ ಬಿಟ್ಟರು. ನನಗೆ ಇಡೀ ಕಥೆಯಲ್ಲಿ ಮೆಚ್ಚುಗೆ ಆಗೋದು ಈ ಒಂಬತ್ತು ಸಲ ಬಿಡದೇ ಇದ್ದದ್ದು. ದಾಳಿ ದಂಡ ಅಂದ ಇತಿಹಾಸಕಾರರ ಮೇಲೆ ಅವರಿಗೆ ಕೆಂಡದಂಥ ಕೋಪ ಇತ್ತು. ನೀವು ಅಲ್ಲಿ ಇದ್ರಾ ಅಂತ ಕೇಳುತ್ತಿದ್ದರು. ಅವರ ಜೊತೆಯವರೇ ಆದ ನ್ಯೂಜಿಲೆಂಡಿನ ಲೆಸ್ ಮನ್ರೋ 2015ರಲ್ಲಿ, 90 ದಾಟಿದ ಮೇಲೆ, ತಮ್ಮ ಮೆಡಲ್‌ಗಳನ್ನೇ ಹರಾಜಿಗೆ ಇಡೋಕೆ ಹೊರಟರು. ಯಾಕೆ? ಲಂಡನ್‌ನಲ್ಲಿರುವ ಬಾಂಬರ್ ಕಮಾಂಡ್ ಸ್ಮಾರಕ ನೋಡಿಕೊಳ್ಳೋಕೆ ದುಡ್ಡು ಸಾಲದು ಅಂತ. ಕೊನೆಗೆ ಒಬ್ಬರು 75,000 ಪೌಂಡ್ ಕೊಟ್ಟು ಹರಾಜು ತಪ್ಪಿಸಿದರು, ಮೆಡಲ್ ನ್ಯೂಜಿಲೆಂಡಿನ ಮ್ಯೂಸಿಯಂ ಸೇರಿತು. ಮನ್ರೋ ಅದೇ ವರ್ಷ ತೀರಿಕೊಂಡರು.

ಜಾನ್ಸನ್ ಕೇಳಿದ ಪ್ರಶ್ನೆಗೆ ನನ್ನ ಉತ್ತರ: ಇರಲಿಲ್ಲ ಸ್ವಾಮಿ. ವಿಮಾನದಲ್ಲಿ ನೀವು ಮಾಡಿದ್ದರ ಬಗ್ಗೆ ತೀರ್ಪು ಕೊಡೋಕೆ ನನಗೆ ಹಕ್ಕಿಲ್ಲ. ಆದರೆ ನಿಮ್ಮನ್ನು ಕಳಿಸಿದವರ ಬಗ್ಗೆ ಮಾತಾಡೋಕೆ ಅಲ್ಲಿ ಇರಬೇಕಾಗಿಲ್ಲ, ಯಾಕಂದ್ರೆ ಅವರೂ ಅಲ್ಲಿ ಇರಲಿಲ್ಲ.

ಮಸಿಕುಡಿಕೆ

ಇದನ್ನು ಒಪ್ಪಿದೆ. ಒಂದು ಹೆಸರು ಸೇರಿಸ್ತೀನಿ, ಜೇಕಬ್ ಡಿಶೇಜರ್. ಹದಿನಾರನೇ ವಿಮಾನದವರು, ನಾವಿಕ ಸರ್ ಹೇಳಿದ ಆ ತೋಳು ಹೋದ ಘಟನೆಯ ವಿಮಾನ. ಬಾಂಬ್ ಹಾಕಿದ್ದು ನಗೋಯಾ ಮೇಲೆ. ಸಿಕ್ಕಿಬಿದ್ದು 40 ತಿಂಗಳು ಸೆರೆ, ಬಹುಪಾಲು ಒಂಟಿ ಕೋಣೆಯಲ್ಲಿ. ಜೊತೆಯಲ್ಲಿ ಸಿಕ್ಕವರನ್ನು ಕೊಂದದ್ದು ಯಾವ ಕಾನೂನಿನಲ್ಲಿ ಗೊತ್ತಾ? ದಾಳಿ ಆದ ಮೇಲೆ ಆಗಸ್ಟ್‌ನಲ್ಲಿ ಮಾಡಿದ ಕಾನೂನು, ಏಪ್ರಿಲ್‌ಗೂ ಅನ್ವಯ ಅಂತ ಹಾಕಿದರು. ಇಷ್ಟೆಲ್ಲ ಅನುಭವಿಸಿದ ಮನುಷ್ಯ 1948ರಲ್ಲಿ ಮಿಷನರಿಯಾಗಿ ಜಪಾನಿಗೇ ವಾಪಸ್ ಹೋದರು. ನಗೋಯಾದಲ್ಲೇ ಚರ್ಚ್ ಕಟ್ಟಿದರು. ಅವರು ಬರೆದ ಒಂದು ಕರಪತ್ರ ಓದಿ ಮನಸ್ಸು ತಿರುಗಿಸಿಕೊಂಡವರಲ್ಲಿ ಮಿತ್ಸುವೊ ಫುಚಿಡಾ ಒಬ್ಬ. ಪರ್ಲ್ ಹಾರ್ಬರ್ ಮೇಲೆ ವಿಮಾನಗಳನ್ನು ಮುನ್ನಡೆಸಿದ್ದ ಅದೇ ಫುಚಿಡಾ.

ಧರ್ಮದ ಮಾತು ಬಿಡಿ, ನನಗೆ ಅದರಲ್ಲಿ ಆಸಕ್ತಿ ಇಲ್ಲ. ಆದರೆ ತಾನು ಬಾಂಬ್ ಹಾಕಿದ ಊರಿಗೆ ಹೋಗಿ ಬಾಳ್ವೆ ಮಾಡೋಕೆ ಹಾರ್ನೆಟ್ ಡೆಕ್‌ಗಿಂತ ಕಡಿಮೆ ಗುಂಡಿಗೆ ಸಾಕಾ?

ಚೀನಾದ ವಿಷಯ ಪೂರ್ತಿ ಮರೆತರು ಅಂತಲೂ ಅಲ್ಲ. ಅವತ್ತು ದುಭಾಷಿಯಾಗಿ ನೆರವಾದ ಚೀನೀ ಎಂಜಿನಿಯರ್ ಒಬ್ಬರನ್ನು ಈ 80 ಜನ ತಮ್ಮ ಕೂಟದ ಗೌರವ ಸದಸ್ಯರನ್ನಾಗಿ ಮಾಡಿಕೊಂಡಿದ್ದರು. 2018ರಲ್ಲಿ ಝೆಜಿಯಾಂಗ್‌ನ ಚ್ಯೂಝೌನಲ್ಲಿ ಈ ದಾಳಿಗೆ ಒಂದು ಸ್ಮಾರಕ ಭವನವೂ ತೆರೆಯಿತು. ಹೋದವರು ನೆನೆಸಿಕೊಂಡರು, ಉಳಿಸಿದವರೂ ನೆನೆಸಿಕೊಂಡರು. ಕಳಿಸಿದವರ ಕಡೆಯಿಂದ ಮಾತು ಬಂದದ್ದು ಕಡಿಮೆ.

ಲೆಕ್ಕಿಗ

ಗಾಳಿಪಟ, ಎರಡನ್ನೂ ಬೇರೆ ಬೇರೆ ಇಡೋಣ ಅಂತೀರಿ. ಹೇಳೋಕೆ ಸುಲಭ. ಆದರೆ ಧೈರ್ಯವನ್ನು ಹೊಗಳುತ್ತಾ ಹೊಗಳುತ್ತಾ ಯೋಜನೆಯನ್ನೂ ಹೊಗಳಿಬಿಡ್ತೀವಿ, ಆಗೋದೇ ಹಾಗೆ. ಮುಂದಿನ ಸಲ ಇನ್ನೊಬ್ಬ ಮಂತ್ರಿ ಒಂದು ಹೆಡ್‌ಲೈನ್ ಬೇಕು ಅಂದಾಗ ತೋರಿಸೋಕೆ ಇದೇ ಕಥೆ ಸಿಗುತ್ತೆ.

ಗಾಳಿಪಟ

ಅದಕ್ಕೇ ಮಸಿಕುಡಿಕೆಯವರು ಬರೆದದ್ದನ್ನೂ ಆ ಕಥೆಯ ಒಳಗೇ ಹೇಳಬೇಕು, ಅಡಿಟಿಪ್ಪಣಿಯಲ್ಲಿ ಅಲ್ಲ. ಡೇಟನ್‌ನಲ್ಲಿ 80 ಹೆಸರು ಕೂಗಿದರಲ್ಲ, ಅಷ್ಟು ಹೊತ್ತು ಸಿಕ್ಕರೆ ಲಾಸನ್‌ರನ್ನು ಹೊತ್ತವರ ಹೆಸರೂ ಹೇಳಬಹುದಿತ್ತು.

ನಿವೃತ್ತ_ನಾವಿಕ

ಹೆಸರು ಹೇಳೋದಕ್ಕೆ ನನ್ನ ತಕರಾರಿಲ್ಲ. ಮಿಡ್‌ವೇ ಮಾತ್ರ ನಾನು ಬಿಟ್ಟುಕೊಡಲ್ಲ. ಹಾರ್ನೆಟ್, ಎಂಟರ್‌ಪ್ರೈಸ್ ಎರಡೂ ಅಲ್ಲಿದ್ದವು. ಕೋರಲ್ ಸೀಗೆ ಹೋಗಿದ್ದರೆ ಲೆಕ್ಸಿಂಗ್ಟನ್ ಜೊತೆ ಅವುಗಳಲ್ಲೂ ಒಂದು ಹೋಗಿರಬಹುದಿತ್ತು. ಇದನ್ನು ಲೆಕ್ಕಿಗರು ಯೋಚಿಸಿದ್ದಾರಾ?

ಲೆಕ್ಕಿಗ

ಹೋಗಿದ್ದರೆ ಲೆಕ್ಸಿಂಗ್ಟನ್ ಉಳಿಯಬಹುದಿತ್ತು, ಮಿಡ್‌ವೇಗೆ ಒಂದು ಹಡಗು ಜಾಸ್ತಿ ಸಿಗುತ್ತಿತ್ತು. 'ಹೋಗಿದ್ದರೆ' ಅನ್ನೋದು ಎರಡು ಕಡೆಗೂ ಓಡುತ್ತೆ ಸರ್. ನಾಳೆ ಕೋರಲ್ ಸೀಗೆ ಬೇರೆ ಚರ್ಚೆ ಶುರು ಮಾಡ್ತೀನಿ, ಅಲ್ಲಿ ಬನ್ನಿ.